‘ಐತಿ’ ಮೇಲೆ ಕೆಂಪು ಗೆರೆ ಯಾಕ್ರೀ ಸರ್?

ನಮ್ಮ ಅಕ್ಕನ ಮಗಳು ಮೂರನೇ ಇಯತ್ತೆ. ವಹಿಯಲ್ಲಿ ‘ಇದು ನಮ್ಮ ಮನಿ ಐತಿ’ ಎಂದು ಬರೆದಿದ್ದಳು. ಸರ್ ಕೆಂಪು ಗೆರೆ ಎಳೆದು, ಎಲ್ಲರ ಮುಂದೆ ‘ಇದು ಕನ್ನಡಾನೂ ಅಲ್ಲ, ಮರಾಠೀನೂ ಅಲ್ಲ, ಕಲಬೆರಕಿ’ ಅಂದರಂತೆ. ಅಂದಿನಿಂದ ಹುಡುಗಿ ವರ್ಗದಲ್ಲಿ ಬಾಯಿ ಬಿಡುತ್ತಿಲ್ಲ. ಕೇಳಿದರೆ, ‘ಮಾಮಾ, ಎಲ್ಲಾರೂ ನಗ್ತಾರ’ ಅಂತಾಳೆ.

ತಿದ್ದಬೇಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಗೆ ಪುಸ್ತಕದ ಕನ್ನಡ ಬೇಕೇ ಬೇಕು. ನನ್ನ ತಕರಾರು ‘ಕಲಬೆರಕಿ’ ಎಂಬ ಆ ಒಂದು ಮಾತಿನ ಮೇಲೆ.

ಪುಸ್ತಕದ ಕನ್ನಡದಲ್ಲಿ ‘ಇದು ನಮ್ಮ ಮನೆ’ ಅಂದರೆ ವಾಕ್ಯ ಮುಗಿಯಿತು. ಮರಾಠಿಯಲ್ಲಿ ‘ಹೇ ಆಮಚಂ ಘರ ಆಹೆ’. ಉರ್ದುವಿನಲ್ಲಿ ‘ಯೇ ಹಮಾರಾ ಘರ್ ಹೈ’. ಅವೆರಡಕ್ಕೂ ಕೊನೆಯಲ್ಲಿ ಆಹೆ, ಹೈ ಬೇಕು. ಈಗ ಹುಡುಗಿಯ ವಾಕ್ಯವನ್ನು ಪಕ್ಕದಲ್ಲಿಟ್ಟು ನೋಡಿ. ನಾಲ್ಕೂ ಪದ ಅಚ್ಚ ಕನ್ನಡದವು. ಜೋಡಣೆ ಮಾತ್ರ ಮೂರೂ ಭಾಷೆಗೆ ಒಂದೇ.

ಇದು ನಮ್ಮೂರಿನ ಹುಡುಗಿ ಹೊಸದಾಗಿ ಮಾಡಿದ ತಪ್ಪಲ್ಲ. ಇಲ್ಲಿಂದ ದೂರವೇನಿಲ್ಲದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಸಂಶೋಧಕರು ಇದನ್ನೇ ಕಂಡು 1971ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ಊರಿನ ನಡುವೆ ಮರಾಠಿ. ಪದಗಳು ಬೇರೆಬೇರೆ, ಆದರೆ ಪದಕ್ಕೆ ಪದ ಇಟ್ಟು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಷ್ಟು ವಾಕ್ಯದ ಕಟ್ಟು ಒಂದಾಗಿತ್ತು. ಕನ್ನಡದ ಇಂಥ ವಾಕ್ಯದ ಕೊನೆಗೆ ‘ಐತಿ’ ಸೇರಿದ್ದನ್ನೂ ಅವರು ಗುರುತಿಸಿದ್ದರು.

ಮಿದುಳು ಕೆಲಸ ಮಾಡುವುದೇ ಹೀಗೆ. ಪದಗಳನ್ನು ನೆನಪಿನಿಂದ ತೆಗೆಯುವುದು ಒಂದು ಕೆಲಸ, ಅವನ್ನು ಜೋಡಿಸಿ ಮಾತು ಕಟ್ಟುವುದು ಇನ್ನೊಂದು. ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದು ಪೂರ್ತಿ ಮಲಗಿರುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಸ್ಪ್ಯಾನಿಷ್‌ನಲ್ಲಿ ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂಬಂಥ ಕರ್ಮಣಿ ವಾಕ್ಯ ಕೇಳಿಸಿದರು. ಮುಂದೆ ಇಂಗ್ಲಿಷ್‌ನಲ್ಲಿ ಚಿತ್ರ ವಿವರಿಸುವಾಗ ಅವರು ಕರ್ಮಣಿ ವಾಕ್ಯವನ್ನೇ ಹೆಚ್ಚು ಬಳಸಿದರು. ಕೇಳಿದ ಪದ ಒಂದು ಭಾಷೆಯದು, ಕಟ್ಟು ಮಾತ್ರ ಇನ್ನೊಂದಕ್ಕೆ ದಾಟಿತ್ತು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದ ಮಗುವಿಗೂ ಹಾಗೆಯೇ ಆಗುತ್ತದೆ. ಅದಕ್ಕೆ ದಡ್ಡತನ ಅನ್ನಬೇಡಿ.

‘ಹೀಗೆ ಬಿಟ್ಟರೆ ಗಡಿಯಲ್ಲಿ ಕನ್ನಡ ಉಳಿದೀತೇ?’ ಎಂದು ಕೆಲವರು ಕೇಳುತ್ತಾರೆ. ಕುಪವಾಡದ ಕನ್ನಡ ಶತಮಾನಗಳ ಕಾಲ ಮರಾಠಿಯ ಜೊತೆಗೇ ಬಾಳಿತು. ಕಟ್ಟು ಒಂದಾದರೂ ಮನೆಮಾತು ಹೋಗಲಿಲ್ಲ. ಮಗು ನಾಚಿಕೆಯಿಂದ ಬಾಯಿ ಮುಚ್ಚಿದರೆ ಮಾತ್ರ ಕನ್ನಡ ಹೋಗುತ್ತದೆ. ಗಡಿ ಉಳಿಸುತ್ತೇವೆಂದು ಭಾಷಣ ಮಾಡುವವರು ಮೊದಲು ಗಡಿಯ ಮಕ್ಕಳ ಕನ್ನಡಕ್ಕೆ ನಗುವುದನ್ನು ನಿಲ್ಲಿಸಲಿ.

ಸರ್, ನಿಮ್ಮಲ್ಲಿ ಕೇಳುವುದು ಇಷ್ಟೇ. ಕರಿಹಲಗೆಯಲ್ಲಿ ಎರಡು ವಾಕ್ಯ ಬರೆಯಿರಿ. ‘ಮನ್ಯಾಗ ಹಿಂಗ ಅಂತೀವಿ, ಪುಸ್ತಕದಾಗ ಹಿಂಗ ಬರೀತೀವಿ’ ಎಂದು ಹೇಳಿ. ಎರಡು ನಿಮಿಷದ ಕೆಲಸ. ಪಾಲಕರೇ, ನೀವೂ ಮಗುವಿನ ವಹಿ ತೆಗೆದು ನೋಡಿ. ಕೆಂಪು ಗೆರೆ ಕಂಡರೆ ಮಗುವಿಗೆ ಬೈಯುವ ಮೊದಲು ಒಮ್ಮೆ ಶಾಲೆಗೆ ಹೋಗಿ ಸರ್ ಜೊತೆ ಮಾತಾಡಿ.