ಸಂಬಳವಿಲ್ಲದ ಪ್ರಚಾರಕರು



ಮಸ್ಟರಿನಲ್ಲಿ ಅರ್ಧ ದಿನ ಕಡಿಮೆ ಬಿದ್ದರೆ ಯೂನಿಯನ್ನಿನವರನ್ನು ಕರೆದು ಜಗಳಕ್ಕೆ ನಿಲ್ಲುವ ನಾವು ಒಂದು ಕೆಲಸವನ್ನು ಮಾತ್ರ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದೇವೆ. ಅದು ಅಮಲು ಪದಾರ್ಥಗಳ ಜಾಹೀರಾತು. ಗೂಡಲೂರಿನಿಂದ ವಯನಾಡಿನವರೆಗೆ ಯಾವ ಪಾಡಿಗೆ ಹೋದರೂ ಇದೇ ಕಥೆ. ಮದುವೆ ಮನೆಯ ಹಿಂದೆ ಹುಡುಗ ಬಾಟಲಿ ಎತ್ತಿ ಹಿಡಿಯುತ್ತಾನೆ, ಸಿನಿಮಾ ಹಾಡು ಸೇರಿಸಿ ರೀಲ್ಸ್ ಹಾಕುತ್ತಾನೆ. ಚಿಕ್ಕಪ್ಪ, ಭಾವ, ಮೇಸ್ತ್ರಿಯ ಮಗ ಎಲ್ಲರೂ ಲೈಕ್ ಒತ್ತುತ್ತಾರೆ. ಏಳನೇ ತರಗತಿಯ ತಮ್ಮ ನೋಡುತ್ತಾ ಕೂರುತ್ತಾನೆ. ಕಂಪನಿಗೆ ಒಂದು ಪೈಸೆ ಖರ್ಚಿಲ್ಲ!

ಚಿತ್ರನಟರು ಇದೇ ಕೆಲಸವನ್ನು ಕಾಸಿಲ್ಲದೆ ಮಾಡುತ್ತಾರೆಯೇ? ತಂಬಾಕಿನ ಜಾಹೀರಾತನ್ನು 2003ರ ಕಾಯಿದೆ ನೇರವಾಗಿಯೂ ಪರೋಕ್ಷವಾಗಿಯೂ ನಿಷೇಧಿಸಿದೆ. ಆದ್ದರಿಂದ ಪರದೆಯ ಮೇಲೆ ಏಲಕ್ಕಿ ಬರುತ್ತದೆ. ಹೆಸರು ಮಾತ್ರ ಪೊಟ್ಟಣದ ಮೇಲಿರುವುದೇ. ಬೆನ್ನು ಬಗ್ಗಿಸಿ ಏಲಕ್ಕಿ ಬಿಡಿಸಿದವರಿಗೆ ಇದಕ್ಕಿಂತ ಅಪಮಾನ ಬೇಕೇ? 2022ರ ಏಪ್ರಿಲ್‌ನಲ್ಲಿ ನಟ ಅಕ್ಷಯ್ ಕುಮಾರ್ ವಿಮಲ್ ಏಲಕ್ಕಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ ಜನ ಸುಮ್ಮನಿರಲಿಲ್ಲ. ಗುಟ್ಕಾದವರ ಹಣ ಬೇಡವೆಂದು ಅವರು ಹಿಂದೆ ಆಡಿದ್ದ ಮಾತಿನ ವಿಡಿಯೊವನ್ನೇ ಹುಡುಕಿ ತೆಗೆದು ಹಂಚಿದರು. ಕೆಲವೇ ದಿನಗಳಲ್ಲಿ ನಟ ಕ್ಷಮೆ ಕೇಳಿ ಹಿಂದೆ ಸರಿದರು. (ಒಪ್ಪಂದ ಮುಗಿಯುವ ತನಕ ಜಾಹೀರಾತು ಬರಬಹುದು ಎಂದೂ ಸೇರಿಸಿದರು, ಅದು ಬೇರೆ ಮಾತು.) ಅದೇ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಮುಸುಕಿನ ಜಾಹೀರಾತುಗಳನ್ನು ನಿಷೇಧಿಸಿತು.

ಇಷ್ಟಾದರೂ ನಮ್ಮ ಹಿರಿಯರು, "ಫೋನೇ ಸೈತಾನ, ಕಿತ್ತುಕೊಳ್ಳಿ" ಎನ್ನುತ್ತಾರೆ. ಕಿತ್ತುಕೊಂಡರೆ ಹುಡುಗ ಪಕ್ಕದ ಲೈನಿನಲ್ಲಿ ಕೂತು ನೋಡುತ್ತಾನೆ. ಯುವಜನ ಸಂಘದವರು ಬೆಳಗಾದರೆ ತಲೆಬುರುಡೆಯ ಚಿತ್ರ ಕಳಿಸುತ್ತಾರೆ. ಕಳಿಸಿದವರೇ ಅದನ್ನು ಎರಡನೇ ಸಲ ನೋಡುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಕುಡಿದು ಚರಂಡಿಗೆ ಬಿದ್ದವನ ವಿಡಿಯೊ ತೆಗೆದು ಸಭೆಯ ಗುಂಪಿಗೆ ಹಾಕುವುದು. ಯೆರಿಕೋ ದಾರಿಯಲ್ಲಿ ಬಿದ್ದವನನ್ನು ಕಂಡು ಆಚೆ ಬದಿಯಿಂದ ಹೋದ ಯಾಜಕನ ಕೈಯಲ್ಲಿ ಫೋನು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಕುವುದಾದರೆ ಬಿಟ್ಟವನ ಮಾತು ಹಾಕಿ, ಅವನು ಒಪ್ಪಿದರೆ ಮಾತ್ರ. ಅಂಗಡಿ ಬಾಕಿ ತೀರಿದ ಲೆಕ್ಕವನ್ನು ಅವನ ಹೆಂಡತಿ ಒಂದು ನಿಮಿಷದಲ್ಲಿ ಹೇಳಲಿ. ಸರಕಾರದ ಎಚ್ಚರಿಕೆಗಳು ಇಲ್ಲಿ ತಮಿಳಿನಲ್ಲೋ ಮಲಯಾಳದಲ್ಲೋ ಬರುತ್ತವೆ. ಮನೆಮಾತಿನಲ್ಲಿ ಹೇಳಬೇಕಾದವರು ನಾವೇ. ಬಾಟಲಿಯ ರೀಲ್ಸ್‌ಗೆ ಲೈಕ್ ಒತ್ತಬೇಡಿ, ಅಳಿಯನದ್ದಾದರೂ ಸರಿ. ಗಾಂಜಾ ಮಾರುವ ಖಾತೆ ಕಂಡರೆ "ನೋಡಿ ಎಂಥ ಕಾಲ" ಎಂದು ನಾಲ್ಕು ಗುಂಪಿಗೆ ಹಂಚದೆ 1933ಕ್ಕೆ ತಿಳಿಸಿ; ಹೇಳಿದವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಬಿಡಬೇಕೆನ್ನುವವನಿಗೆ 14446 ಇದೆ, ಕರೆಗೆ ಹಣವಿಲ್ಲ. ಪ್ರತಿ ವಿಡಿಯೊದ ಕೊನೆಗೆ ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ.