ಪೊಟ್ಟಣದ ಬೆನ್ನ ಮೇಲಿನ ಬರಹ

'ಊಟ ಬಲ್ಲವನಿಗೆ ರೋಗವಿಲ್ಲ' ಎಂದರು ನಮ್ಮ ಹಿರಿಯರು. ಅವರ ಕಾಲಕ್ಕೆ ಆ ಮಾತು ಸಾಕಾಗಿತ್ತು. ಗದ್ದೆಯ ಅಕ್ಕಿ, ಹಿತ್ತಲಿನ ತೆಂಗು, ಸಾಣಿಕಟ್ಟಾದ ಉಪ್ಪು, ಆಲೆಮನೆಯ ಜೋನಿಬೆಲ್ಲ, ಬೆಳಿಗ್ಗೆ ದೋಣಿಯಿಂದಿಳಿದ ಬಂಗಡೆ ಇವುಗಳಲ್ಲಿ ಏನಿದೆಯೆಂದು ಯಾರೂ ಬರೆದು ತಿಳಿಸಬೇಕಾಗಿರಲಿಲ್ಲ. ಇಂದು ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಹೆದ್ದಾರಿಯ ಬಸ್ಸಿನಲ್ಲಿ ಕುಳಿತು ನೋಡಿದರೆ, ಅಂಗಡಿ ಬಾಗಿಲುಗಳಲ್ಲಿ ಬಣ್ಣಬಣ್ಣದ ಪೊಟ್ಟಣಗಳು ತೋರಣದಂತೆ ತೂಗುತ್ತಿವೆ. ಇವುಗಳ ಒಳಗೇನಿದೆಯೆಂಬುದನ್ನು ಕಣ್ಣು ಹೇಳಲಾರದು, ನಾಲಿಗೆಯೂ ಹೇಳಲಾರದು. ಹೇಳುವುದು ಪೊಟ್ಟಣದ ಬೆನ್ನ ಮೇಲೆ ಇರುವೆಯ ಸಾಲಿನಂತೆ ಅಚ್ಚಾಗಿರುವ ಬರಹವೊಂದೇ. ಆದುದರಿಂದ ಈಗ ಊಟ ಬಲ್ಲವನಾಗಬೇಕಾದರೆ ಓದು ಬಲ್ಲವನೂ ಆಗಬೇಕಾಗಿದೆ.

ಈ ಮಾತು ನನಗೆ ಹೊಳೆದುದು ಪಾಠದಿಂದಲ್ಲ, ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ. ನನ್ನ ತಂದೆಯವರಿಗೆ ರಕ್ತದೊತ್ತಡವಿದೆಯೆಂದು ತಿಳಿದಾಗ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದರು. ಅಂದೇ ಉಪ್ಪಿನಕಾಯಿಯ ಭರಣಿ ಅಟ್ಟವೇರಿತು; ಒಣಮೀನು ಮನೆಯಿಂದ ಹೊರಬಿತ್ತು; ಆಯಿ ಸಾರಿಗೂ ಲೆಕ್ಕಮಾಡಿ ಉಪ್ಪು ಹಾಕತೊಡಗಿದಳು. ಬಾಯಿ ಸಪ್ಪೆಯೆಂದು ಅಪ್ಪ ಸಂಜೆಯ ಚಹದೊಡನೆ ಖಾರಾ ಶೇವಿನ ಪೊಟ್ಟಣ ಬಿಚ್ಚತೊಡಗಿದರು. ತಿಂಗಳು ಕಳೆದರೂ ಒತ್ತಡ ಇಳಿಯಲಿಲ್ಲ. ಒಂದು ಸಂಜೆ ಆಯಿ ಆ ಪೊಟ್ಟಣವನ್ನೇ ನನ್ನ ಕೈಗಿತ್ತು, "ತಂಗೀ, ಇದ್ರಲ್ಲಿ ಎಂತ ಬರ್ದದೆ, ಓದು ಕಾಂಬ" ಎಂದಳು.

ಓದಿದೆ. ಅಂಕಿಗಳ ಪಟ್ಟಿಯಲ್ಲಿ ಉಪ್ಪು ಎಂಬ ಹೆಸರೇ ಇರಲಿಲ್ಲ. ಇದ್ದುದು 'ಸೋಡಿಯಂ', ನೂರು ಗ್ರಾಮಿಗೆ 800 ಮಿಲಿಗ್ರಾಂ. ಒಂದು ಗ್ರಾಂ ಅಡಿಗೆಯುಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಂದರೆ ನೂರು ಗ್ರಾಂ ಶೇವು ತಿಂದವನು ಎರಡು ಗ್ರಾಂ ಉಪ್ಪು ತಿಂದಂತಾಯಿತು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ಐದರಲ್ಲಿ ಎರಡು ಪಾಲು ಚಹದ ಹೊತ್ತಿನಲ್ಲಿಯೇ ಮುಗಿಯುತ್ತಿತ್ತು! ಪಕ್ಕದ ಸಾಲು ಮಾತ್ರ, 'ಒಂದು ಬಾರಿಗೆ 30 ಗ್ರಾಂ' ಎಂದು ಹಿಡಿದು, ದಿನದ ಮಿತಿಯಲ್ಲಿ ನೂರಕ್ಕೆ 12 ಪಾಲು ಎಂದಷ್ಟೇ ತೋರಿಸುತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ 30 ಗ್ರಾಮಿಗೆ ಕೈ ತಡೆಯುವವರು ಎಷ್ಟು ಜನ?

ಈ ಬರಹವನ್ನು ಓದುವುದು ಕಷ್ಟದ ವಿದ್ಯೆಯೇನೂ ಅಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. 'ಗೋಧಿಯ ಬಿಸ್ಕತ್ತು' ಎಂದು ಮುಖದ ಮೇಲೆ ಬರೆದು ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ, ಅದು ಮೈದಾದ ಬಿಸ್ಕತ್ತೇ ಸರಿ. ಸಕ್ಕರೆ ಗ್ಲೂಕೋಸ್ ಸಿರಪ್, ಫ್ರಕ್ಟೋಸ್ ಮುಂತಾದ ವೇಷಗಳಲ್ಲಿಯೂ ಬರುತ್ತದೆ. ದಿನದ ಪಾಲನ್ನು ಎಣಿಸಲು 2020ರ ಲೇಬಲ್ ನಿಯಮಗಳು ಹಿಡಿದಿರುವ ಅಳತೆ ಇಷ್ಟು: 2000 ಕಿಲೋಕ್ಯಾಲೊರಿ ಶಕ್ತಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ. ಈ ನಾಲ್ಕು ಅಂಕಿಗಳು ನೆನಪಿದ್ದರೆ ಪೊಟ್ಟಣದ ಮುಖಸ್ತುತಿಗೆ ಮರುಳಾಗಬೇಕಾಗಿಲ್ಲ.

'ನಮ್ಮ ಅಜ್ಜಂದಿರು ಯಾವ ಲೇಬಲ್ ಓದಿ ಬಾಳಿದರು?' ಎಂದು ಕೆಲವರು ಕೇಳಬಹುದು. ನಿಜ; ಅವರು ತಿಂದುದು ಬಲ್ಲವರ ಕೈಯ ಅಡಿಗೆ. ಮೀನುಪೇಟೆಯ ತಾರ್ಲೆಗೂ ಹಿತ್ತಲಿನ ಬಸಳೆಗೂ ಇಂದಿಗೂ ಲೇಬಲ್ ಬೇಡ. ಮನೆಯದೆಲ್ಲ ಅಮೃತವೆಂದು ನಾನು ಹೇಳುತ್ತಿಲ್ಲ. ಜೋನಿಬೆಲ್ಲವೂ ಸಕ್ಕರೆಯ ಬಂಧುವೇ. ಆದರೆ ಅದನ್ನು ಎಷ್ಟು ಸುರಿದುಕೊಂಡೆವೆಂಬುದು ನಮ್ಮ ಕಣ್ಣಿಗೆ ಕಾಣುತ್ತದೆ. ಕಾಣದ ಕೈ ಮಾಡಿದ ತಿಂಡಿಗೆ ಬರಹವೇ ಸಾಕ್ಷಿ.

ಆದರೆ ಆ ಸಾಕ್ಷಿ ಯಾವ ಭಾಷೆಯಲ್ಲಿ ನುಡಿಯುತ್ತದೆ? ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಅಡಿಗೆಮನೆಯ ಹೊಣೆ ಹೊತ್ತ ತಾಯಂದಿರಲ್ಲಿ ಕನ್ನಡವನ್ನೋ ಉರ್ದುವನ್ನೋ ಮಾತ್ರ ಓದಬಲ್ಲವರು ಬಹಳ. ಯಾರು ತಿಳಿಯಬೇಕೋ ಅವರಿಗೆ ತಿಳಿಯದ ಭಾಷೆಯಲ್ಲಿ ಬರೆದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿದ್ದರೆ ಪೊಟ್ಟಣದ ಮುಖದ ಮೇಲೆಯೇ ಕಾಣಿಸಬೇಕೆಂಬ ಚರ್ಚೆ ದೇಶದಲ್ಲಿ ಕೆಲವು ವರ್ಷಗಳಿಂದ ನಡೆದಿದ್ದು, ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮುಖದ ಮೇಲೆ ಬರಲಿ, ಕನ್ನಡದಲ್ಲಿಯೂ ಬರಲಿ. ಕರ್ನಾಟಕದಲ್ಲಿ ಮಾರುವವರಿಗೆ ಇದು ಹೆಚ್ಚಿನ ಭಾರವಾಗಲಾರದು.

ಅದು ಬರುವವರೆಗೆ ನಾವು ಸುಮ್ಮನಿರಬೇಕೇ? ಹಿಂದೆ ಮುಂಬಯಿಯಿಂದಲೋ ಗಲ್ಫಿನಿಂದಲೋ ಕಾಗದ ಬಂದರೆ, ಅಕ್ಷರ ಬಲ್ಲ ಹುಡುಗನೊಬ್ಬ ನೆರೆಹೊರೆಗೆಲ್ಲ ಓದಿ ಹೇಳುತ್ತಿದ್ದನೆಂದು ಹಿರಿಯರಿಂದ ಕೇಳಿದ್ದೇನೆ. ಈಗ ಓದಬೇಕಾದ ಕಾಗದ ಪೊಟ್ಟಣದ ಬೆನ್ನ ಮೇಲಿದೆ. ನಮ್ಮ ಕಾಲೇಜಿನಲ್ಲಿ ಕಲಿಯುವ ಅನೇಕರು ತಮ್ಮ ಮನೆಯಲ್ಲಿ ಇಂಗ್ಲಿಷು ಕಲಿತ ಮೊದಲಿಗರು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವ ನಾವು, ಒಂದು ಮಧ್ಯಾಹ್ನ ಹತ್ತು ಮನೆಗಳ ಪೊಟ್ಟಣಗಳನ್ನು ಓದಿ ಹೇಳಬಾರದೇಕೆ? ಸೋಡಿಯಮ್ಮಿಗೆ ಉಪ್ಪಿನ ಲೆಕ್ಕವನ್ನು ಕನ್ನಡದಲ್ಲಿ ಬರೆದು ಅಂಗಡಿಯ ಗೋಡೆಗೆ ಹಚ್ಚಬಾರದೇಕೆ?

ಅಪ್ಪ ಶೇವನ್ನು ಪೂರ್ತಿ ಬಿಟ್ಟಿಲ್ಲ. ಈಗ ಆಯಿ ಸಣ್ಣ ಬಟ್ಟಲಲ್ಲಿ ಅಳೆದು ಕೊಡುತ್ತಾಳೆ. ಪೊಟ್ಟಣ ಅವಳ ವಶದಲ್ಲಿದೆ. ಹೊಸ ತಿಂಡಿ ಮನೆಗೆ ಬಂದರೆ ಮೊದಲು ನನ್ನನ್ನು ಕೂಗುತ್ತಾಳೆ. ಪದವಿಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನಲ್ಲಿ ಸದ್ಯಕ್ಕೆ ಈ ಒಂದು ಉತ್ತರವಾದರೂ ಇದೆ. ಸಹಪಾಠಿಗಳೇ, ನಿಮ್ಮ ಮನೆಯಲ್ಲಿಯೂ ಒಮ್ಮೆ ಪೊಟ್ಟಣವನ್ನು ತಿರುಗಿಸಿ ಗಟ್ಟಿಯಾಗಿ ಓದಿರಿ.