ಬೋರ್ಡಿಗೆ ತಡೆಯಿಲ್ಲ, ಪಟ್ಟಿಗೆ ಗೋಡೆಯಿಲ್ಲ

ಮಗ ಮಾತು ಬಿಟ್ಟ, ಸೊಸೆ ರಾತ್ರಿಯೆಲ್ಲ ಎದ್ದು ಕೂರುತ್ತಾಳೆ ಎಂದು ಹೊಸದುರ್ಗದ ಕಡೆಯವರು ತಾಯಿತ ಕಟ್ಟಿಸಿದರೆ ಓದಿದವರಿಗೆ ನಗು. ಮೂಢನಂಬಿಕೆ ಎಂದು ಭಾಷಣ ಬೇರೆ. ಸರಿ ಸ್ವಾಮಿ, ಅವರು ಹೋಗಬೇಕಾಗಿದ್ದು ಎಲ್ಲಿಗೆ? ವಿಳಾಸ ಕೊಡಿ.

ಕೊಡಲಾರರು. ಮನೋವೈದ್ಯರು ಬೇರೆ, ಮನಶ್ಶಾಸ್ತ್ರಜ್ಞರು ಬೇರೆ ಎಂಬುದೇ ಭಾಷಣಕಾರರಲ್ಲಿ ಅನೇಕರಿಗೆ ಗೊತ್ತಿಲ್ಲ. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಮುಕ್ಕಾಲು ಗಂಟೆ ಎದುರು ಕೂರಿಸಿಕೊಂಡು ಕೇಳುತ್ತಾರೆ, ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಭಯ, ಗೀಳು, ಖಿನ್ನತೆಗೆ ಮಾತಿನಲ್ಲೇ ಚಿಕಿತ್ಸೆ. ಬುದ್ಧಿಮತ್ತೆ ಅಳೆಯುವುದೂ ಅವರ ಕೆಲಸವೇ. ಗುಂಡಗಿನ, ಚೌಕದ, ನಕ್ಷತ್ರದ ತೂತುಗಳಿರುವ ಹಲಗೆಯನ್ನು ಮಗುವಿನ ಮುಂದಿಟ್ಟು, ಮರದ ತುಂಡುಗಳನ್ನು ಕೂರಿಸಲು ಹೇಳಿ ಗಡಿಯಾರ ನೋಡುತ್ತಾರೆ. ಆಟದಂತೆ ಕಾಣುವ ಇಂಥ ಪರೀಕ್ಷೆಗಳ ಅಂಕಿಯ ಮೇಲೆ ಬುದ್ಧಿಮಾಂದ್ಯ ಮಗುವಿನ ಅಂಗವಿಕಲ ಪ್ರಮಾಣಪತ್ರ, ಮಾಸಾಶನ ಎರಡೂ ನಿಂತಿರುತ್ತವೆ.

ಇದಕ್ಕೆ ಬರೀ ಎಂ.ಎ. ಸಾಲದು. ರೋಗಿಗಳ ನಡುವೆಯೇ ಪಡೆದ ತರಬೇತಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬೇಕು. ಹೆಸರಿಲ್ಲದೆ ವೃತ್ತಿ ನಡೆಸಿದವರಿಗೆ 1992ರ ಕಾಯ್ದೆ ಬರೆದಿಟ್ಟದ್ದು ಒಂದು ವರ್ಷದವರೆಗೆ ಜೈಲು, ಇಲ್ಲವೇ ಗರಿಷ್ಠ 1,000 ರೂಪಾಯಿ ದಂಡ, ಅಥವಾ ಎರಡೂ. ಬೆಂಗಳೂರಿನಲ್ಲಿ ಅದು ಒಂದು ಸಿಟ್ಟಿಂಗಿನ ಫೀಸು! ‘ಕೌನ್ಸೆಲರ್’ ಎಂದು ಬೋರ್ಡ್ ಬರೆಸಿದರಂತೂ ಆ ಭಯವೂ ಇಲ್ಲ. ಅವರನ್ನೂ ನೋಂದಣಿಗೆ ತರುವ ಕಾಯ್ದೆ 2021ರಲ್ಲೇ ಬಂತು. ತಾಲೂಕಿನ ಬೀದಿಗೆ ಅದರ ಬಿಸಿ ಮುಟ್ಟಿಲ್ಲ.

ಬಿಗಿ ಮಾಡಿದರೆ ಇರುವವರೂ ಬಾಗಿಲು ಹಾಕುತ್ತಾರೆ ಎಂಬ ವಾದವಿದೆ. ಕೊರತೆ ನಿಜ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಾಗೆಂದು ಹಸಿದವನಿಗೆ ಕಲಬೆರಕೆ ಬಡಿಸಬಹುದೇ? ಬಾಗಿಲು ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಎಷ್ಟು, ಬೋರ್ಡಿನ ಮೇಲೆ ಬರೆಯಿರಿ, ಅಷ್ಟೇ.

ನಾಚಿಕೆಯ ಸಂಗತಿ ಇನ್ನೊಂದಿದೆ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಸೀಮೆಯಲ್ಲಿ ಜನ ಇಂದಿಗೂ ಯಾರನ್ನು ಕೇಳಬೇಕೆಂದು ತಿಳಿಯದೆ ದಾವಣಗೆರೆ, ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕೇಳುವುದು ದೊಡ್ಡದೇನಲ್ಲ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಆಸ್ಪತ್ರೆಗಳಲ್ಲಿ ಚೀಟಿ ಬರೆಸುವ ಕಿಟಕಿಯ ಪಕ್ಕ ಒಂದು ಪಟ್ಟಿ ಅಂಟಿಸಿ: ಜಿಲ್ಲೆಯಲ್ಲಿ ನೋಂದಾಯಿತರು ಯಾರು, ಸಂಖ್ಯೆ ಏನು, ಯಾವ ದಿನ ಎಲ್ಲಿ ಸಿಗುತ್ತಾರೆ. ಒಬ್ಬರೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.

ಓದುಗರೇ, ಅಲ್ಲಿಯವರೆಗೆ ಫೀಸು ಕೊಡುವ ಮೊದಲು ನೋಂದಣಿ ಸಂಖ್ಯೆ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.